ಕಲ್ಯಾಣ ಮಂಟಪ ನಡೆಸುವವರಿಗೆ: ಮದುವೆ ಹೆಣ್ಣಿಗೆ ಒಂದು ಕೋಣೆ, ಅರ್ಧ ದಿನ ಕೊಡಿ

ಕಲ್ಯಾಣ ಮಂಟಪ, ಸಮುದಾಯ ಭವನ, ಪಾರ್ಟಿ ಹಾಲ್, ರೆಸಾರ್ಟ್ ನಡೆಸುವ ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯ ಸೀಮೆಯವಳು. ಈಗ ಮೈಸೂರಿನಲ್ಲಿದ್ದೇನೆ. ನೆಂಟರು, ಅಕ್ಕಪಕ್ಕದವರು ಮದುವೆಗೆ ಕರೆದರೆ ಹೋಗಿ ಸೋಬಾನೆ ಹಾಡುತ್ತೇನೆ. ಅಮ್ಮ, ಚಿಕ್ಕಮ್ಮ, ಸೋದರತ್ತೆಯರ ಬಾಯಿಂದ ಕೇಳಿ ಕಲಿತದ್ದು. ಹಾಗಾಗಿ ಮದುವೆಯ ಹಿಂದಿನ ದಿನ ಹೆಣ್ಣಿನ ಪಕ್ಕದಲ್ಲಿ ಕೂರುವ ಅವಕಾಶ ನನಗೆ ಬೇರೆಯವರಿಗಿಂತ ಜಾಸ್ತಿ ಸಿಕ್ಕಿದೆ. ಮನೆ ಮುಂದಿನ ಚಪ್ಪರದ ಕೆಳಗೆ ಕೂತಿದ್ದೇನೆ. ನಿಮ್ಮ ಹಾಲ್‌ಗಳ ಡ್ರೆಸ್ಸಿಂಗ್ ರೂಮಿನಲ್ಲಿ, ಊರಾಚೆಯ ರೆಸಾರ್ಟುಗಳ ಲಾನ್ ಮೇಲೂ ಕೂತಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಮದುವೆಯ ಹಿಂದಿನ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮದುವೆ ಹೆಣ್ಣಿಗೂ ಅವಳ ಕಡೆಯ ಹೆಂಗಸರಿಗೂ ಒಂದು ಕೋಣೆ ಬಿಟ್ಟುಕೊಡಿ. ಅದಕ್ಕೆ ಬೇರೆ ಬಾಡಿಗೆ ಹಾಕಬೇಡಿ.

ಇದನ್ನು ಹೆಣ್ಣಿನ ಅಪ್ಪ ಅಮ್ಮನಿಗೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೇನೆ ಅಂತ ನೀವು ಕೇಳಬಹುದು. ಹಿಂದಿನ ದಿನ ಏನೇನು ಆಗಬೇಕು, ಎಷ್ಟು ಹೊತ್ತು ಆಗಬೇಕು ಅನ್ನೋದನ್ನು ಈಗ ಮನೆಯ ಹಿರಿಯರು ತೀರ್ಮಾನ ಮಾಡುತ್ತಿಲ್ಲ. ಪುರೋಹಿತರೂ ಮಾಡುತ್ತಿಲ್ಲ. ನಿಮ್ಮ ಬುಕಿಂಗ್ ಚೀಟಿ ಮಾಡುತ್ತಿದೆ. ಮಧ್ಯಾಹ್ನದ ಮೇಲೆ ಬೀಗದಕೈ ಕೊಡುತ್ತೀರಿ, ಮಾರನೇ ದಿನ ಊಟ ಮುಗಿದ ಸ್ವಲ್ಪ ಹೊತ್ತಿಗೆ ಖಾಲಿ ಮಾಡಿ ಅನ್ನುತ್ತೀರಿ. ಅಷ್ಟರೊಳಗೆ ಶಾಸ್ತ್ರ, ಆರತಕ್ಷತೆ, ಮುಹೂರ್ತ, ಬೀಗರ ಊಟ ಎಲ್ಲ ಆಗಬೇಕು. ಹೊತ್ತು ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಹೆಂಗಸರ ಶಾಸ್ತ್ರಕ್ಕೇ.

ಏನು ಹೋಯಿತು ಅಂತ ಗೊತ್ತಾಗಬೇಕಾದರೆ ಏನಿತ್ತು ಅಂತ ಹೇಳಬೇಕು.

ನಮ್ಮ ಕಡೆ ಹಿಂದಿನ ದಿನಕ್ಕೆ ಚಪ್ಪರದ ದಿನ ಅನ್ನುತ್ತೇವೆ. ಬೆಳಿಗ್ಗೆ ಗಂಡಸರು ಅತ್ತಿ ಕೊಂಬೆ ಕಡಿದು ತಂದು ಹಾಲುಗಂಬ ನೆಡುತ್ತಿದ್ದರು. ತೆಂಗಿನ ಗರಿ ಹೊದಿಸಿ, ಮಾವಿನ ಸೊಪ್ಪು ಕಟ್ಟಿ, ಬಾಳೆ ಕಂದು ನಿಲ್ಲಿಸಿದರೆ ಅವರ ಕೆಲಸ ಮುಗಿಯಿತು. ಒಳಗಿನ ಕಾರುಬಾರೆಲ್ಲ ಹೆಂಗಸರದು. ಒರಳು, ಒನಕೆ ತೊಳೆದು, ಕುಂಕುಮ ಇಟ್ಟು, ಒಣ ಅರಿಶಿನದ ಕೊಂಬು ಹಾಕಿ ಕುಟ್ಟುತ್ತಿದ್ದರು. ಒಬ್ಬರು ಹಾಡು ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಒನಕೆಯ ಪೆಟ್ಟೇ ತಾಳ. ಆಮೇಲೆ ಹೆಣ್ಣನ್ನು ಹಸೆಮಣೆ ಮೇಲೆ ಕೂರಿಸುವುದು. ಗರಿಕೆ ಹುಲ್ಲನ್ನು ಎಣ್ಣೆಯಲ್ಲಿ ಅದ್ದಿ ಪಾದ, ಮಂಡಿ, ಭುಜ, ನೆತ್ತಿ ಮುಟ್ಟಿಸುವುದು. ಅರಿಶಿನ ಹಚ್ಚುವುದು, ನೀರೆರೆಯುವುದು.

ಅಷ್ಟರಲ್ಲಿ ಬಳೆಗಾರ ಬರುತ್ತಿದ್ದ. ಜಗುಲಿ ಮೇಲೆ ಬಳೆಯ ಮಲಾರ ಬಿಚ್ಚುತ್ತಿದ್ದ. ಬಳೆ ದೂರದ ಫಿರೋಜಾಬಾದಿನಿಂದ ಬಂದದ್ದಾದರೂ ಅದನ್ನು ಕೈಗೆ ಏರಿಸುವ ಕಲೆ ನಮ್ಮೂರಿನವನದೇ. ಬೆರಳಿನ ಗಂಟು ಒತ್ತಿ, ಕೈ ಮೆತ್ತಗೆ ಮಡಿಸಿ, ಒಂದೂ ಒಡೆಯದ ಹಾಗೆ ಹಸಿರು ಗಾಜಿನ ಬಳೆ ತೊಡಿಸುತ್ತಿದ್ದ. ಮೊದಲು ಮದುವೆ ಹೆಣ್ಣಿಗೆ, ಆಮೇಲೆ ಬಂದ ಹೆಂಗಸರಿಗೆಲ್ಲ, ಮಕ್ಕಳಿಗೂ. ದುಡ್ಡಿನ ಜೊತೆಗೆ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಅವನಿಗೆ ಮರ್ಯಾದೆ ಮಾಡುತ್ತಿದ್ದರು.

ಈ ಶಾಸ್ತ್ರಗಳ ನಡುವೆ ಬೇಕಾದಷ್ಟು ಬಿಡುವು ಇರುತ್ತಿತ್ತು. ಎಣ್ಣೆ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಬಿಡಬೇಕು. ಗೋರಂಟಿ ಕಟ್ಟಿದರೆ ರಾತ್ರಿಯೆಲ್ಲ ಬಿಡಬೇಕು. ಆ ಬಿಡುವಿನಲ್ಲಿ ಮಾತು ಬರುತ್ತಿತ್ತು. ತಾಯಿ ಮಗಳಿಗೆ ನೇರವಾಗಿ ಹೇಳಲಾಗದ ವಿಷಯವನ್ನು ಸೋದರತ್ತೆ ಹೇಳುತ್ತಿದ್ದಳು. ಮೊದಲ ರಾತ್ರಿಯ ಬಗ್ಗೆ, ಬಸಿರು ಬಾಣಂತನದ ಬಗ್ಗೆ, ಗಂಡ ಕೈ ಎತ್ತಿದರೆ ಯಾರಿಗೆ ಹೇಳಿ ಕಳಿಸಬೇಕು ಅನ್ನೋದರ ಬಗ್ಗೆ. ಬೀಗರನ್ನು ಬೈಯುವ ಹಾಡುಗಳೂ ಇದ್ದವು. ಅತ್ತೆಯನ್ನೂ ನಾದಿನಿಯನ್ನೂ ಹೆಸರು ಹಿಡಿದು ಕಿಚಾಯಿಸಿ ಹಾಡಿದರೆ ಹೆಣ್ಣಿನ ಹೆದರಿಕೆ ಅರ್ಧ ಇಳಿಯುತ್ತಿತ್ತು. ಗಂಡಸರು ಆ ಕಡೆ ಸುಳಿಯುತ್ತಿರಲಿಲ್ಲ. ನಾನು ಬೆಲೆ ಕೊಡುವುದು ಈ ಹೊತ್ತಿಗೆ. ಅರಿಶಿನ, ಬಳೆ, ಗೋರಂಟಿ ಎಲ್ಲ ಹೆಂಗಸರು ಸುಮ್ನೆ ಒಟ್ಟಿಗೆ ಕೂರಲು ಸಿಕ್ಕ ನೆಪ ಅಂತಲೇ ನನಗೆ ಅನಿಸುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅದನ್ನು ದಯವಿಟ್ಟು ಗಮನಿಸಿ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡಬಾರದು ಅಂತ ಕಾನೂನು ತಂದಿತು. ಎಂಟು ವರ್ಷ! ಕಾನೂನು ತರಬೇಕಾಯಿತು ಅಂದರೆ ಅಂಥ ಮದುವೆಗಳು ನಡೆಯುತ್ತಿದ್ದವು ಅಂತಲೇ ಅರ್ಥ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾಗಗಳಿಗೆ ಬಂದ 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆ ವಯಸ್ಸನ್ನು ಕನಿಷ್ಠ 14 ಅಂತ ಮಾಡಿತು. ಅದು 18 ಆಗಿದ್ದು 1978ರಲ್ಲಿ. ನಮ್ಮ ಅಜ್ಜಿಯರ ಕಾಲದ ಹಸೆಮಣೆ ಮೇಲೆ ಕೂತಿರುತ್ತಿದ್ದದ್ದು ಒಂದು ಮಗು. ತೌರು ಬಿಟ್ಟು ಹೋಗುವ ಹಾಡುಗಳಲ್ಲಿ ಅಷ್ಟೊಂದು ಅಳು ಯಾಕಿದೆ ಅಂತ ಇದರಿಂದ ತಿಳಿಯುತ್ತದೆ. ಇವತ್ತಿನ ಹೆಣ್ಣು ಓದಿದ್ದಾಳೆ, ಸಂಬಳ ತರುತ್ತಾಳೆ, ಹುಡುಗನ ಜೊತೆ ತಿಂಗಳುಗಟ್ಟಲೆ ಮಾತಾಡಿದ್ದಾಳೆ. ತನ್ನ ಅರಿಶಿನದ ದಿನ ಅವಳು ಜೋರಾಗಿ ನಗುತ್ತಾಳೆ, ಕುಣಿಯುತ್ತಾಳೆ. ನನಗೆ ಅದನ್ನು ನೋಡುವುದೇ ಸಂತೋಷ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಚಿಕ್ಕಮ್ಮನಿಗೆ ಗೊತ್ತಿದ್ದಷ್ಟು ಸೋಬಾನೆ ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡರು. ಆಮೇಲೆ ಹಸೆಯ ಹತ್ತಿರ ಅವಳನ್ನು ಕರೆಯಲೇ ಇಲ್ಲ. ಮುಂದಿನ ಸಾಲು ಮರೆತುಹೋದರೆ ಅಡುಗೆಮನೆ ಬಾಗಿಲಿಗೆ ಹೋಗಿ ಅವಳನ್ನೇ ಕೇಳಿಕೊಂಡು ಬರುತ್ತಿದ್ದೆವು. ಅವಳ ಹಾಡು ಬೇಕಿತ್ತು, ಅವಳು ಬೇಡವಾಗಿದ್ದಳು. ಅದು ಅನ್ಯಾಯ. ಅಂಕೋಲಾ ಕಡೆಯ ಸುಕ್ರಿ ಬೊಮ್ಮಗೌಡರೂ ಗಂಡನನ್ನು ಕಳೆದುಕೊಂಡವರೇ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲೇ ಕಾಪಾಡಿಕೊಂಡು ಬಂದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದಾಗ ನನಗೆ ಚಿಕ್ಕಮ್ಮ ನೆನಪಾದಳು. ಈಗಿನ ಹಳದಿ ಪಾರ್ಟಿಗಳಲ್ಲಿ ಗಂಡ ಇಲ್ಲದ ತಾಯಂದಿರು ಮಗಳ ಕೆನ್ನೆಗೆ ಮೊದಲ ಅರಿಶಿನ ಹಚ್ಚುವುದನ್ನು ನೋಡಿದ್ದೇನೆ. ಯಾರು ಮುತ್ತೈದೆ ಅಂತ ಆ ಹುಡುಗಿಯರು ಕೇಳುವುದೇ ಇಲ್ಲ. ಇದು ಹೊಸ ಕಾಲ ತಂದ ಒಳ್ಳೆಯ ಬದಲಾವಣೆ. ನಾನು ಕೇಳುತ್ತಿರುವ ಕೋಣೆಯಲ್ಲಿ ಎಲ್ಲ ಹೆಂಗಸರಿಗೂ ಜಾಗ ಇರಬೇಕು.

ಹಾಗಾದರೆ ತೊಂದರೆ ಎಲ್ಲಿ ಶುರುವಾಯಿತು? ಮನೆಗಳು ಸಣ್ಣದಾದವು, ಬೀದಿಗಳು ಇಕ್ಕಟ್ಟಾದವು, ಐದು ದಿನದ ಮದುವೆ ಎರಡು ದಿನಕ್ಕೆ ಇಳಿಯಿತು. ಜನ ನಿಮ್ಮ ಹಾಲ್‌ಗಳಿಗೆ ಬಂದರು. ಅದರಲ್ಲಿ ತಪ್ಪೇನಿಲ್ಲ. ಹೆಂಗಸರಿಗೆ ಎಷ್ಟೋ ಅನುಕೂಲವೇ ಆಯಿತು. ಸಾವಿರ ಜನಕ್ಕೆ ಮನೆಯಲ್ಲೇ ಅಡುಗೆ ನೋಡಿಕೊಳ್ಳುವುದು ಎಂಥ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಆದರೆ ಬೆಂಗಳೂರು, ಮೈಸೂರು, ಮಂಡ್ಯ, ಹಾಸನದ ಕಡೆ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ಹೆಣ್ಣಿನ ಸಂಜೆಯನ್ನು ಅದು ಪೂರ್ತಿ ನುಂಗಿತು. ತಾಳಿ ಕಟ್ಟುವ ಮೊದಲೇ ಅವಳು ವೇದಿಕೆ ಮೇಲೆ ಗಂಟೆಗಟ್ಟಲೆ ನಿಂತು, ಗುರುತಿಲ್ಲದವರಿಗೆಲ್ಲ ನಕ್ಕು, ಫೋಟೋಗೆ ತಿರುಗಬೇಕು. ಊಟ ಮಾಡುವ ಹೊತ್ತಿಗೆ ಹನ್ನೊಂದೂವರೆ. ಬೆಳಗಿನ ಜಾವಕ್ಕೆ ಮೇಕಪ್‌ನವರು ಬಾಗಿಲು ತಟ್ಟುತ್ತಾರೆ. ಯಾವ ಹೊತ್ತಿನಲ್ಲಿ ಅವಳು ತನ್ನ ಸೋದರತ್ತೆಯ ಪಕ್ಕ ಕೂತು ಎರಡು ಮಾತಾಡಬೇಕು?

ಆ ಜಾಗಕ್ಕೆ ಆಮೇಲೆ ಬೇರೆ ಬೇರೆ ಸಂಜೆಗಳು ಬಂದವು. 90ರ ದಶಕದಲ್ಲಿ ಮನೆಮನೆಗೆ ಕೇಬಲ್ ಟಿವಿ ಬಂತು. ಹಿಂದಿ ಸಿನಿಮಾ, ಸೀರಿಯಲ್‌ಗಳ ಜೊತೆ ಸಂಗೀತ್, ಮೆಹೆಂದಿ ಬಂದವು. ನಮ್ಮ ಅರಿಶಿನ ಶಾಸ್ತ್ರ ಹಳದಿ ಫಂಕ್ಷನ್ ಆಯಿತು. 2020ರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಇನ್ನೂ ವೇಗ ಹಿಡಿಯಿತು. ಬಂದವರೆಲ್ಲ ಹಳದಿ ಬಟ್ಟೆಯನ್ನೇ ಹಾಕಬೇಕು, ಹೆಣ್ಣಿನ ಮೇಲೆ ಹೂವಿನ ಮಳೆ ಸುರಿಯುವಾಗ ಕ್ಯಾಮೆರಾದವನು ಹೇಳಿದ ಹಾಗೆ ನಗಬೇಕು, ಸರಿಯಾಗಿ ಬರಲಿಲ್ಲ ಅಂದರೆ ಮತ್ತೆ ಸುರಿಯಬೇಕು. ಗೆಳತಿಯರ ಜೊತೆ ಗೋವಾಕ್ಕೆ ಹೋಗಿ ಬರುವ ಬ್ಯಾಚಲರೆಟ್ ಪಾರ್ಟಿಯೂ ಈಗ ಮಾಮೂಲಾಗಿದೆ. ಹುಡುಗಿಯರು ಗೋವಾಕ್ಕೆ ಹೋಗಲಿ, ನನ್ನ ತಕರಾರಿಲ್ಲ. ಅಜ್ಜಿಯರ ಕಾಲದಲ್ಲಿ ಹಾಗೆ ಹೊರಡುವ ಸ್ವಾತಂತ್ರ್ಯ ಯಾರಿಗಿತ್ತು? ಗೆಳತಿಯರೇ ಸೇರಿ ನಗುವ ಆ ಎರಡು ದಿನ ಹಳೆಯ ಚಪ್ಪರದ ದಿನಕ್ಕೆ ಹತ್ತಿರವೇ ಇದೆ. ಆದರೆ ಅಲ್ಲಿ ಸೋದರತ್ತೆ, ಅಜ್ಜಿ ಇರುವುದಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ಹೇಳಬೇಕಾದ ಮಾತು ಅಲ್ಲಿಗೆ ತಲುಪುವುದಿಲ್ಲ.

ಇದು ಹಳೇ ಮೈಸೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರೆರೆಯುವ ಸುರಗಿ ಇದೆ. ಕೊಡಗಿನಲ್ಲಿ ಹಿಂದಿನ ದಿನ ಊರವರೆಲ್ಲ ಬಂದು ತರಕಾರಿ ಹೆಚ್ಚಿ ಕೊಡುವ ಊರ್‌ಕೂಡುವ ಇದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ತೆಂಗಿನ ಹಾಲು ಹಚ್ಚುವ ರೋಸ್ ಅನ್ನುವ ಶಾಸ್ತ್ರ ಇದೆ. ಅದರಲ್ಲಿ ಮೊಟ್ಟೆ, ಬಿಯರ್ ಸುರಿಯುವ ಚಾಳಿ ಸೇರಿಕೊಂಡಿದ್ದಕ್ಕೆ ಅಲ್ಲಿನ ಹಿರಿಯರೇ ಬೇಸರ ಮಾಡಿಕೊಳ್ಳುತ್ತಾರೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆ ಹಾಲ್‌ಗೆ ಹೋದರೆ ಆ ಗೋಡೆ ಎಲ್ಲಿಂದ ಬರಬೇಕು?

ಈಗ ದುಡ್ಡಿನ ಮಾತು. ಹಳೆಯ ಚಪ್ಪರದ ದಿನ ಮುಯ್ಯಿಯ ಮೇಲೆ ನಡೆಯುತ್ತಿತ್ತು. ನಿಮ್ಮ ಮನೆ ಮದುವೆಗೆ ನಾನು ಅಕ್ಕಿ, ಬೆಲ್ಲ ತಂದು ಅರಿಶಿನ ಕುಟ್ಟಿದರೆ, ನನ್ನ ಮಗಳ ಮದುವೆಗೆ ನೀವು ಬರುತ್ತೀರಿ. ಬಡವರ ಮನೆಯ ಹೆಣ್ಣಿಗೂ ಹಸೆ, ಹಾಡು, ಬಳೆ ಎಲ್ಲ ಸಿಗುತ್ತಿತ್ತು. ಈಗ ಹಳದಿಗೆ ಒಂದು ಪ್ಯಾಕೇಜ್, ಮೆಹೆಂದಿಗೆ ಒಂದು, ಸಂಗೀತಕ್ಕೆ ಡಿಜೆ ಮತ್ತು ಡಾನ್ಸ್ ಕಲಿಸುವವರು, ಇದರ ಮೇಲೆ ಜಿಎಸ್‌ಟಿ ಬೇರೆ. ಹೆಚ್ಚಿನ ಮನೆಗಳಲ್ಲಿ ಇದೆಲ್ಲ ಹೆಣ್ಣಿನ ಕಡೆಯವರ ತಲೆಗೇ ಬರುತ್ತದೆ. ಸಾಲ ಮಾಡಿ ಹಳದಿ ಫಂಕ್ಷನ್ ಮಾಡಿದ ಅಪ್ಪಂದಿರು ನನಗೆ ಗೊತ್ತು. ಪಕ್ಕದ ಮನೆಯವರು ಮಾಡಿದರು, ನಾವು ಮಾಡದಿದ್ದರೆ ಮಗಳಿಗೆ ಬೇಜಾರಾಗುತ್ತದೆ ಅನ್ನುತ್ತಾರೆ. ಆ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದರೆ, ಅಪ್ಪನಿಗೆ ಆಸೆ, ಅದಕ್ಕೇ ಸುಮ್ಮನಿದ್ದೀನಿ ಅತ್ತೆ, ಅನ್ನುತ್ತಾಳೆ.

ಕೊರೊನಾ ಕಾಲದಲ್ಲಿ, 2020ರಲ್ಲಿ, ಮದುವೆಗೆ ಐವತ್ತು ಜನರ ಮಿತಿ ಬಂತಲ್ಲ, ಆಗ ಒಂದು ವಿಷಯ ಕಂಡೆ. ಮದುವೆ ಮನೆಗೆ ವಾಪಸ್ ಬಂತು. ತಾರಸಿ ಮೇಲೆ ನಾಲ್ಕು ಗರಿ ಕಟ್ಟಿ ಚಪ್ಪರ ಮಾಡಿದರು. ಬಳೆ ಡಬ್ಬ ತಂದು ಮನೆಯವರೇ ಒಬ್ಬರಿಗೊಬ್ಬರು ತೊಡಿಸಿದರು. ಅಷ್ಟು ಸಾವುನೋವಿನ ನಡುವೆ ಆ ಕಾಲವನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಆ ಮದುವೆಗಳ ಹೆಣ್ಣುಮಕ್ಕಳು ಇವತ್ತಿಗೂ ತಮ್ಮ ಬಳೆ ಶಾಸ್ತ್ರದ ಮಾತೇ ಆಡುತ್ತಾರೆ. ದೊಡ್ಡ ಹಾಲ್ ಸಿಗಲಿಲ್ಲ ಅಂತ ಕೊರಗಿದವರನ್ನು ನಾನು ಕಂಡಿಲ್ಲ.

ಹೋದ ವರ್ಷ ಒಂದು ಮದುವೆಯಲ್ಲಿ ಏನಾಯಿತು ಅಂತ ಕೇಳಿ. ಹಾಲ್ ಯಾವುದು ಅಂತ ಹೇಳುವುದಿಲ್ಲ. ಆ ಮನೆಗೆ ವರ್ಷಗಟ್ಟಲೆ ಬಳೆ ಕೊಡುತ್ತಿದ್ದ ವಯಸ್ಸಾದ ಬಳೆಗಾರರನ್ನು ಗೇಟಿನಲ್ಲೇ ನಿಲ್ಲಿಸಿದರು. ಹೊರಗಿನ ವ್ಯಾಪಾರದವರನ್ನು ಬಿಡಲ್ಲ, ನಮ್ಮ ಡೆಕೊರೇಷನ್‌ನವರದೇ ಬಳೆ ಸ್ಟಾಲ್ ಇದೆ ಅಂದರು. ಆ ಸ್ಟಾಲಿನಲ್ಲಿ ಬಳೆಗಳನ್ನು ಬಣ್ಣಬಣ್ಣವಾಗಿ ಜೋಡಿಸಿದ್ದರು, ನೋಡಲು ಚೆನ್ನಾಗಿತ್ತು. ಆದರೆ ಕೈ ಹಿಡಿದು ತೊಡಿಸಲು ಯಾರೂ ಇರಲಿಲ್ಲ. ಅಳತೆ ಹೇಳಿದರೆ ಪ್ಯಾಕೆಟ್ ಕೊಡುತ್ತಿದ್ದರು. ಹೆಣ್ಣಿನ ಅಪ್ಪ ಗೇಟಿನ ಹತ್ತಿರ ಹೋಗಿ ಆ ಹಿರಿಯರ ಕೈಗೆ ದುಡ್ಡು ಕೊಟ್ಟು, ಕ್ಷಮಿಸಿ ಅಂತ ಕಳಿಸಿದರು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಹೆಣ್ಣಿಗೆ ಅಂತ ಎತ್ತಿಟ್ಟಿದ್ದ ಹಸಿರು ಬಳೆಯನ್ನು ಕೊಟ್ಟು ಹೋದರು. ನನಗೆ ಆ ರಾತ್ರಿ ಹಾಡಲು ಗಂಟಲು ಏಳಲಿಲ್ಲ.

ಆದ್ದರಿಂದ ಕೋಣೆಯ ಜೊತೆಗೆ ಇನ್ನೂ ಕೆಲವು ಮಾತು ಕೇಳಿಕೊಳ್ಳುತ್ತೇನೆ. ಬಳೆಗಾರರನ್ನು, ಹೂವಿನವರನ್ನು, ಹಾಡುವ ಹೆಂಗಸರನ್ನು ಮನೆಯವರು ಕರೆದರೆ ಗೇಟಿನಲ್ಲಿ ತಡೆಯಬೇಡಿ. ಅವರ ಮೇಲೆ ಹೊರಗಿನವರು ಅಂತ ಶುಲ್ಕ ಹಾಕಬೇಡಿ. ಅರಿಶಿನದ ಕಲೆ ಬೀಳುತ್ತದೆ ಅಂತ ಡಿಪಾಸಿಟ್ ಹಿಡಿಯುತ್ತೀರಿ. ಆ ಕೋಣೆಗೆ ಕೆಂಪು ಗಾರೆ ನೆಲವೋ ಕಲ್ಲು ಚಪ್ಪಡಿಯೋ ಹಾಕಿಸಿ, ನೀರು ಹರಿದು ಹೋಗಲು ಒಂದು ಮೂಲೆ ಬಿಡಿ. ಕಲೆಯ ಜಗಳವೇ ಇರುವುದಿಲ್ಲ. ಒಂದು ಒರಳು, ಎರಡು ಒನಕೆ, ಒಂದು ಹಸೆಮಣೆ ತಂದಿಡಿ. ಎಷ್ಟೋ ಮನೆಗಳಲ್ಲಿ ಈಗ ಇವು ಇಲ್ಲ, ಶಾಸ್ತ್ರಕ್ಕೆ ಅಂತ ಹುಡುಕಿಕೊಂಡು ಓಡಾಡುತ್ತಾರೆ. ಒಂದು ಗೋಡೆಯನ್ನು ಖಾಲಿ ಬಿಡಿ, ಬರೆಯುವವರು ಬರೆಯಲಿ. ಆ ಕೋಣೆಗೆ ಡ್ರೋನ್, ಸ್ಪೀಕರ್ ಬೇಡ. ಫೋಟೋ ಬೇಕಾದರೆ ಮನೆಯ ಹುಡುಗಿಯರೇ ಫೋನಿನಲ್ಲಿ ತೆಗೆದುಕೊಳ್ಳುತ್ತಾರೆ.

ಡಿಜೆಯ ಬಗ್ಗೆಯೂ ಹೇಳಲೇಬೇಕು. ಮುಚ್ಚಿದ ಹಾಲ್‌ನ ಒಳಗೆ ಬಿಟ್ಟು ಬೇರೆ ಕಡೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ರ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಜನವಸತಿ ಜಾಗದಲ್ಲಿ ಹಗಲಿಗೆ 55 ಡೆಸಿಬಲ್ ಮಿತಿ. ನಿಮ್ಮಲ್ಲಿ ಬಹಳ ಜನ ಇದನ್ನು ಗೋಡೆಗೆ ಅಂಟಿಸಿರುತ್ತೀರಿ, ಪಾಲಿಸುವುದಿಲ್ಲ. ದಯವಿಟ್ಟು ಪಾಲಿಸಿ. ಎಪ್ಪತ್ತು ವರ್ಷದ ಅಜ್ಜಿ ಮೈಕ್ ಇಲ್ಲದೆ ಹಾಡಿದರೆ ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಕೇಳಿಸಬೇಕು.

ಮೆಹೆಂದಿಯವರನ್ನು ನೀವೇ ಗೊತ್ತು ಮಾಡಿಕೊಡುವುದಾದರೆ ಅವರ ಕೋನಿನಲ್ಲಿ ಏನಿದೆ ಅಂತ ವಿಚಾರಿಸಿ. ಅಪ್ಪಟ ಗೋರಂಟಿ ಸೊಪ್ಪಿಗೆ ಬಣ್ಣ ಬಿಡಲು ಗಂಟೆಗಳು ಬೇಕು. ಬಣ್ಣವೂ ಕೆಂಪು ಕಂದು. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಗಾಗುವ ಕೋನಿನಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ಅನ್ನುವ ರಾಸಾಯನಿಕ ಇರುವ ಸಾಧ್ಯತೆ ಜಾಸ್ತಿ. ಅದು ಕೆಲವರ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಮುಹೂರ್ತಕ್ಕೆ ಕೈ ಊದಿಸಿಕೊಂಡು ಕೂತ ಹೆಣ್ಣನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ಇದರಿಂದ ನಿಮಗೆ ನಷ್ಟ ಆಗುತ್ತದೆ ಅಂತ ನೀವು ಹೇಳಬಹುದು. ಅರ್ಧ ದಿನ ಹಾಲ್ ಪೂರ್ತಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಹಿಂದಿನ ಮದುವೆಯವರು ಊಟ ಮುಗಿಸುತ್ತಿರುವಾಗಲೇ ಮುಂದಿನ ಮದುವೆಯ ಹೆಂಗಸರು ಬೇರೆ ಬಾಗಿಲಿನಿಂದ ಬಂದು ಒಂದು ಕೋಣೆಯಲ್ಲಿ ಕೂರಲು ಸಾಧ್ಯವಿದೆ. ಎಷ್ಟೋ ಕಡೆ ಸ್ಟೋರ್ ರೂಮ್ ಅಂತ ಮುರಿದ ಕುರ್ಚಿ ತುಂಬಿದ ಕೋಣೆಗಳಿವೆ. ಸಮುದಾಯ ಭವನ ನಡೆಸುವ ಸಂಘ, ಮಠ, ಟ್ರಸ್ಟ್‌ಗಳವರಂತೂ ನಾಳೆಯೇ ಶುರು ಮಾಡಬಹುದು. ಬಡವರ ಮದುವೆಗೆ ಅಂತಲೇ ಕಟ್ಟಿಸಿದ ಜಾಗ ಅದು. ಸರಳ ವಿವಾಹ, ಸಾಮೂಹಿಕ ವಿವಾಹ ನಡೆಸುವವರಲ್ಲೂ ಇದೇ ಕೇಳುತ್ತೇನೆ. ಒಂದೇ ವೇದಿಕೆಯಲ್ಲಿ ನೂರು ಜೋಡಿಗೆ ತಾಳಿ ಕಟ್ಟಿಸುತ್ತೀರಿ, ಒಳ್ಳೆಯ ಕೆಲಸ. ಹಿಂದಿನ ಸಂಜೆ ಆ ನೂರು ಹೆಣ್ಣುಮಕ್ಕಳಿಗೂ ಹಸಿರು ಬಳೆ ತೊಡಿಸಿ, ಹಾಡಿಸಿ.

ಹಾಡುವವರು ಎಲ್ಲಿದ್ದಾರೆ ಅಂತ ಯೋಚಿಸಬೇಡಿ. ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ. ಕರೆಯುವವರಿಲ್ಲದೆ ಸುಮ್ಮನಿದ್ದಾರೆ. ಮಂಡ್ಯ, ಮೈಸೂರು, ರಾಮನಗರದ ಕಡೆಯ ಯಾವ ಹಾಲ್‌ನವರು ಇಂಥ ಕೋಣೆ ಮಾಡಿದರೂ ಮೊದಲ ಹಸೆಗೆ ನಾನು ಮತ್ತು ನನ್ನ ಜೊತೆಯ ಹೆಂಗಸರು ಬಂದು ಹಾಡುತ್ತೇವೆ. ದುಡ್ಡು ಬೇಡ. ಹೋಗಿಬರಲು ಬಸ್ ಇರುವ ಹೊತ್ತಿಗೆ ಮುಗಿಸಿ ಕಳಿಸಿದರೆ ಸಾಕು.

ಇತಿ,
ಮದುವೆ ಮನೆಗಳಲ್ಲಿ ಸೋಬಾನೆ ಹಾಡುವ ಒಬ್ಬ ಸೋದರತ್ತೆ
ಮೈಸೂರು